ಒಂದೇ ಡಬ್ಬಿಯ ಎರಡು ಪೆನ್ನು

ಒಂದೇ ಕಂಪನಿ, ಒಂದೇ ಮಾದರಿ, ಒಂದೇ ಬಣ್ಣ. ಸ್ಟೇಷನರಿ ಅಂಗಡಿಯ ಒಂದೇ ಡಬ್ಬಿಯಿಂದ ತೆಗೆದ ಎರಡು ಅಗ್ಗದ ಇಂಕ್ ಪೆನ್ನು. ಒಂದು ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಸಾಗುತ್ತದೆ. ಇನ್ನೊಂದರಲ್ಲಿ ‘ಠ’ ಬರೆಯಲು ಹೊರಟರೆ ಅರ್ಧ ಸುತ್ತಿಗೇ ಕಾಗದಕ್ಕೆ ಸಿಕ್ಕಿಕೊಳ್ಳುತ್ತದೆ, ಎತ್ತಿ ನೋಡಿದರೆ ನಿಬ್ಬಿನ ತುದಿಯಲ್ಲಿ ಕಾಗದದ ನಾರೊಂದು ತೂಗಾಡುತ್ತಿರುತ್ತದೆ. ಇಂಕು ಅದೇ, ಕಾಗದ ಅದೇ, ಕೈಯೂ ಅದೇ. ಇಂಥ ಜೋಡಿಯನ್ನು ಒಮ್ಮೆ ಪಕ್ಕಪಕ್ಕ ಇಟ್ಟು ಬರೆದವರಿಗೆ ‘ಅಗ್ಗದ ಪೆನ್ನುಗಳಲ್ಲಿ ಯಾವುದು ಒಳ್ಳೆಯದು’ ಅನ್ನುವ ಪ್ರಶ್ನೆಯ ಮೇಲೇ ಅನುಮಾನ ಹುಟ್ಟುತ್ತದೆ. ಮಾದರಿಯ ಬಗ್ಗೆ ಹೇಳಬಹುದಾದ್ದು ಸ್ವಲ್ಪವೇ. ಉಳಿದದ್ದನ್ನೆಲ್ಲ ಕೈಗೆ ಬಂದ ಆ ಒಂದು ಪೆನ್ನೇ ಹೇಳಬೇಕು.

ಕಾರಣ ನಿಬ್ಬು ತಯಾರಾಗುವ ರೀತಿಯಲ್ಲಿದೆ. ತೆಳ್ಳನೆಯ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಯಿಂದ ನಿಬ್ಬಿನ ಆಕಾರ ಕತ್ತರಿಸುತ್ತಾರೆ, ತುದಿಗೆ ಗಟ್ಟಿ ಲೋಹದ ಪುಟ್ಟ ಗುಂಡು ಬೆಸೆಯುತ್ತಾರೆ, ಬಾಗಿಸುತ್ತಾರೆ, ಬಹಳ ತೆಳುವಾದ ಚಕ್ರದಿಂದ ನಡುವೆ ಸೀಳುತ್ತಾರೆ, ಕೊನೆಗೆ ಉಜ್ಜಿ ನಯ ಮಾಡುತ್ತಾರೆ. ಇಷ್ಟರಲ್ಲಿ ಬಹುಪಾಲು ಯಂತ್ರದ ಕೆಲಸ. ಆಮೇಲೆ ಯಾರಾದರೂ ಭೂತಗನ್ನಡಿ ಹಿಡಿದು ನೋಡಿ, ಬರೆದು, ಸೀಳಿನ ಎರಡು ಬದಿಯ ಕವಲುಗಳು ಏರುಪೇರಾಗಿದ್ದರೆ ಸರಿಮಾಡಿ ಮುಂದೆ ಕಳಿಸಬೇಕು. ಈ ಕೊನೆಯ ಹೆಜ್ಜೆಗೆ ಹೊತ್ತು ಹಿಡಿಯುತ್ತದೆ, ನುರಿತ ಕೈ ಬೇಕು. ಹಾಗಾಗಿ ಅಗ್ಗದ ಪೆನ್ನಿನಲ್ಲಿ ಕತ್ತರಿ ಬೀಳುವುದು ಮೊದಲು ಅಲ್ಲೇ. ಉಕ್ಕಿನಲ್ಲಿ ದೊಡ್ಡ ಮೋಸವೇನೂ ಇರುವುದಿಲ್ಲ; ಇದಕ್ಕಿಂತ ಎಷ್ಟೋ ಪಟ್ಟು ಬೆಲೆಯ ಪೆನ್ನುಗಳಲ್ಲೂ ಉಕ್ಕಿನ ನಿಬ್ಬೇ ಕೂತಿರುತ್ತದೆ. ಯಾರೂ ನೋಡದೆ ಬಿಟ್ಟ ಪೆನ್ನನ್ನು ನೋಡುವ ಕೆಲಸ ಕೊಂಡವರ ಪಾಲಿಗೆ ಬರುತ್ತದೆ, ಅಷ್ಟೆ. ಅದಕ್ಕೆ ಬೇಕಾದ್ದು ಅರ್ಧ ಗಂಟೆ ಮತ್ತು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ.

ತುದಿಯ ಆ ಗುಂಡಿನ ಬಗ್ಗೆ ಒಂದು ಮಾತು. ಅಗ್ಗದ ನಿಬ್ಬುಗಳ ಮೇಲೆ ‘ಇರಿಡಿಯಂ ಪಾಯಿಂಟ್’ ಎಂದು ಕೊರೆದಿರುವುದು ಸಾಮಾನ್ಯ. ಅದನ್ನು ಬಹಳ ನಂಬಬೇಕಾಗಿಲ್ಲ. ಒಂದು ಕಾಲಕ್ಕೆ ಇರಿಡಿಯಂ ಬಳಸುತ್ತಿದ್ದದ್ದು ನಿಜ; ಈಗ ತುದಿಗೆ ಹಾಕುವುದು ಹೆಚ್ಚಾಗಿ ರುಥೇನಿಯಂ, ಆಸ್ಮಿಯಂ, ಟಂಗ್‌ಸ್ಟನ್ ಮೊದಲಾದವುಗಳ ಮಿಶ್ರಲೋಹ. ತೀರಾ ಅಗ್ಗದವುಗಳಲ್ಲಿ ಅದೂ ಇರುವುದಿಲ್ಲ, ಉಕ್ಕಿನ ತುದಿಯನ್ನೇ ಕೆಳಕ್ಕೆ ಮಡಚಿ ಗುಂಡಗೆ ಮಾಡಿರುತ್ತಾರೆ. ಪಕ್ಕದಿಂದ ನೋಡಿದರೆ ಗೊತ್ತಾಗುತ್ತದೆ: ಗುಂಡು ಬೆಸೆದಿದ್ದರೆ ತುದಿಯಲ್ಲಿ ಬೇರೆ ಹೊಳಪಿನ ಒಂದು ಮಣಿ ಕಾಣುತ್ತದೆ, ಮಡಚಿದ್ದರೆ ಅದೇ ತಗಡು ಕೊಕ್ಕಿನ ಹಾಗೆ ಬಾಗಿರುತ್ತದೆ. ಮಡಚಿದ ತುದಿಯೂ ಚೆನ್ನಾಗಿ ಬರೆಯಬಲ್ಲದು. ಬೇಗ ಸವೆಯುತ್ತದೆ, ಮತ್ತು ಉಜ್ಜಿ ಸರಿಮಾಡುವ ಆಟ ಅದರ ಹತ್ತಿರ ನಡೆಯುವುದಿಲ್ಲ.

ಕೌಂಟರಿನ ಮೇಲಿನ ಚೀಟಿ

ಇಂಕ್ ಪೆನ್ನು ಮಾರುವ ಅಂಗಡಿಯಲ್ಲಿ ಒಂದು ದೃಶ್ಯ ತಪ್ಪುವುದಿಲ್ಲ. ಅಂಗಡಿಯವರು ಮುಚ್ಚಳ ತೆಗೆದು, ನಿಬ್ಬನ್ನು ಇಂಕಿನ ಬಾಟಲಿಗೆ ಅದ್ದಿ, ಬಾಯಿಗೆ ಒರೆಸಿ ಕೊಡುತ್ತಾರೆ. ಕೌಂಟರಿನ ಮೇಲೊಂದು ಚೀಟಿ. ಅದರ ತುಂಬ ಹಿಂದೆ ಬಂದುಹೋದವರ ಸಹಿಗಳು, ಸೊನ್ನೆಗಳು, ಸುರುಳಿಗಳು. ನಾವೂ ಒಂದು ಸಹಿ ಹಾಕುತ್ತೇವೆ. ಇಂಕು ಧಾರಾಳವಾಗಿ ಬರುತ್ತದೆ. ‘ಚೆನ್ನಾಗಿದೆ’ ಎಂದು ಕಟ್ಟಿಸಿಕೊಳ್ಳುತ್ತೇವೆ. ಮನೆಯಲ್ಲಿ ಇಂಕು ತುಂಬಿ ಮೂರನೇ ಸಾಲಿಗೆ ಬರುವಷ್ಟರಲ್ಲಿ ಅದೇ ಪೆನ್ನಿಗೆ ಬಾಯಾರಿರುತ್ತದೆ.

ಅದ್ದಿದ ನಿಬ್ಬು ಇಂಕಿನ ಹರಿವಿನ ಬಗ್ಗೆ ಏನೂ ಹೇಳುವುದಿಲ್ಲ. ನಿಬ್ಬಿನ ಕೆಳಗೆ ನಾಲಿಗೆಯ ಹಾಗೆ ಚಾಚಿಕೊಂಡಿರುವ ಕಪ್ಪು ಪ್ಲಾಸ್ಟಿಕ್ ತುಂಡು, ಅಂದರೆ ಫೀಡು, ಅದ್ದಿದಾಗ ಹೊರಗಿನಿಂದಲೇ ಇಂಕು ಹೀರಿ ತೊಯ್ದುಹೋಗಿರುತ್ತದೆ. ಅಷ್ಟು ಇಂಕು ಏಳೆಂಟು ಸಾಲಿಗೂ ಸಾಕಾಗಬಹುದು. ಸಹಿ ಬೇರೆ, ನಮ್ಮ ಕೈಗೆ ಎಲ್ಲಕ್ಕಿಂತ ರೂಢಿಯಾದ ಗೆರೆ. ಕಣ್ಣುಮುಚ್ಚಿ ವೇಗವಾಗಿ ಎಳೆದುಬಿಡುತ್ತೇವೆ, ನಿಬ್ಬಿನ ತಂಟೆ ಗಮನಕ್ಕೆ ಬರುವುದೇ ಇಲ್ಲ. ಅದ್ದಿ ಬರೆಯುವುದರಿಂದ ತಿಳಿಯುವುದು ನಿಬ್ಬು ಗೀರುತ್ತದೆಯೋ ಇಲ್ಲವೋ ಅನ್ನುವುದು ಮಾತ್ರ. ಅದನ್ನು ತಿಳಿಯಲಿಕ್ಕಾದರೂ ಸಹಿ ಬಿಟ್ಟು, ಒತ್ತಡವೇ ಇಲ್ಲದೆ, ನಿಧಾನವಾಗಿ ಎರಡೂ ದಿಕ್ಕಿಗೆ ಎಂಟರ ಅಂಕಿ ಸುತ್ತಿ ನೋಡುವುದು ಮೇಲು.

ಅದ್ದುವುದಕ್ಕೆ ಮುಂಚೆಯೇ ಕಣ್ಣಿನ ಕೆಲಸ ಇದೆ. ನಿಬ್ಬಿನ ತುದಿಯನ್ನು ನೇರವಾಗಿ ಕಣ್ಣಿನ ಕಡೆ ತಿರುಗಿಸಿ, ಹಿಂದೆ ಬೆಳಕು ಬರುವ ಹಾಗೆ ಹಿಡಿದರೆ ಎರಡು ಕವಲುಗಳು ಸಮ ಎತ್ತರದಲ್ಲಿವೆಯೇ ಎಂದು ಬರಿಗಣ್ಣಿಗೂ ಸುಮಾರಾಗಿ ಕಾಣುತ್ತದೆ. ಮೇಲಿನಿಂದ ನೋಡಿದಾಗ ಸೀಳು ನಿಬ್ಬಿನ ನಡುವಿನ ತೂತಿನಿಂದ ತುದಿಯ ಕಡೆಗೆ ಬರುತ್ತಾ ಕಿರಿದಾಗಬೇಕು. ತುದಿಯಲ್ಲಿ ಅಗಲವಾಗಿದ್ದರೆ ಇಂಕು ಅಲ್ಲಿಗೆ ತಲುಪುವುದು ಕಷ್ಟ, ಏಕೆಂದರೆ ಇಂಕು ಕಿರಿದಾದ ಕಡೆಗೇ ಏರುತ್ತದೆ. ಫೀಡು ನಿಬ್ಬಿನ ನಟ್ಟನಡುವೆ ಇದೆಯೇ, ಪಕ್ಕದಿಂದ ನೋಡಿದರೆ ಎರಡರ ನಡುವೆ ಸಂದಿ ಬಿಟ್ಟಿದೆಯೇ ಅನ್ನುವುದನ್ನೂ ನೋಡಿಬಿಡಬೇಕು. ಡಬ್ಬಿಯಲ್ಲಿ ಹತ್ತು ಪೆನ್ನಿದ್ದರೆ ಹತ್ತನ್ನೂ ಹೀಗೆ ನೋಡಿ ಒಂದನ್ನು ಆರಿಸಿಕೊಳ್ಳಲು ಸಂಕೋಚ ಬೇಡ. ತರಕಾರಿಯನ್ನು ಆರಿಸುವುದಿಲ್ಲವೇ?

ಕಾರ್ಟ್ರಿಜ್, ಅಂದರೆ ಇಂಕು ತುಂಬಿಯೇ ಬರುವ ಪುಟ್ಟ ಪ್ಲಾಸ್ಟಿಕ್ ನಳಿಗೆ, ಹಾಕುವ ಪೆನ್ನಾದರೆ ಆ ಕಾರ್ಟ್ರಿಜ್ಜಿನ ಬಾಯಿ ಎಷ್ಟಗಲ ಎಂದು ಕೇಳಿಕೊಳ್ಳಬೇಕು. ಹೆಚ್ಚು ಚಾಲ್ತಿಯಲ್ಲಿರುವ ಅಂತರರಾಷ್ಟ್ರೀಯ ಅಳತೆಯ ಬಾಯಿ ಸುಮಾರು 2.6 ಮಿ.ಮೀ. ಕೆಲವು ಅಗ್ಗದ ಪೆನ್ನುಗಳದು 3.4 ಮಿ.ಮೀ. ನೋಡಲು ಎರಡೂ ಒಂದೇ ತರ. ದೊಡ್ಡ ಬಾಯಿಯದನ್ನು ಪೆನ್ನಿನೊಳಗಿನ ಸಣ್ಣ ಕೊಳವೆಗೆ ಸಿಕ್ಕಿಸಿದರೆ ಸಡಿಲವಾಗಿ ಕೂತು ಜೇಬಿನಲ್ಲಿ ಬಣ್ಣದ ನಕಾಶೆ ಬಿಡಿಸುತ್ತದೆ. ಸಣ್ಣದನ್ನು ದೊಡ್ಡ ಕೊಳವೆಗೆ ಒತ್ತಿದರೆ ಬಾಯಿ ಸೀಳುತ್ತದೆ.

ಮುಚ್ಚಳ ಅನ್ನುವ ಅರ್ಧ ಪೆನ್ನು

ಅಗ್ಗದ ಪೆನ್ನುಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹಳಷ್ಟು ನಿಬ್ಬಿನದಲ್ಲ, ಮುಚ್ಚಳದ್ದು. ‘ಬೆಳಿಗ್ಗೆ ತೆಗೆದರೆ ಬರೆಯುವುದೇ ಇಲ್ಲ, ಕೊಡವಬೇಕು.’ ರಾತ್ರಿಯಿಡೀ ನಿಬ್ಬಿನಿಂದ ನೀರು ಆರಿ, ಉಳಿದ ಬಣ್ಣ ಗಟ್ಟಿಯಾಗಿ ಸೀಳಿಗೆ ಅಡ್ಡ ಕೂತಿರುತ್ತದೆ. ಮುಚ್ಚಳದ ನೆತ್ತಿಯಲ್ಲಿ ತೂತಿರುವುದು ಕಂಡು ‘ಇದೇ ಕಾರಣ’ ಅನ್ನುವವರಿದ್ದಾರೆ. ಆ ತೂತು ಬೇಕೆಂದೇ ಇಟ್ಟದ್ದು. ಮಕ್ಕಳು ಮುಚ್ಚಳ ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೂ ಉಸಿರಾಡಲು ದಾರಿ ಇರಲಿ ಎಂದು. ಐಎಸ್‌ಒ 11540 ಅನ್ನುವ ಮಾನದಂಡ ಇರುವುದೇ ಇದಕ್ಕೆ. ತೂತಿದ್ದೂ ಇಂಕು ಆರಬಾರದೆಂದರೆ ಮುಚ್ಚಳದೊಳಗೆ ಇನ್ನೊಂದು ಪುಟ್ಟ ಬಟ್ಟಲಿರಬೇಕು, ಅದು ಬಂದು ನಿಬ್ಬಿನ ಸುತ್ತಲಿನ ಅಂಚಿಗೆ ಗಾಳಿ ಆಡದಂತೆ ಕೂರಬೇಕು. ದೀಪದ ಕೆಳಗೆ ಮುಚ್ಚಳದೊಳಗೆ ಇಣುಕಿದರೆ ಆ ಒಳಬಟ್ಟಲು ಇದೆಯೋ ಇಲ್ಲವೋ ತಿಳಿಯುತ್ತದೆ.

ಇದು ದುಬಾರಿ ಪೆನ್ನುಗಳಿಗೆ ಮೀಸಲಾದ ಸೌಲಭ್ಯವೇನಲ್ಲ. ಅಗ್ಗದ ಸಾಲಿನಲ್ಲೇ ಬರುವ ಪ್ಲಾಟಿನಂ ಅನ್ನುವ ಜಪಾನಿ ಕಂಪನಿಯ ಪ್ರೆಪ್ಪಿ ಪೆನ್ನಿನ ಒಳಬಟ್ಟಲಿಗೆ ಸ್ಪ್ರಿಂಗ್ ಕೊಟ್ಟಿದ್ದಾರೆ. ಮುಚ್ಚಿದಾಗ ಅದು ಒತ್ತಿಕೊಂಡು ಕೂರುತ್ತದೆ, ವರ್ಷ ಬಿಟ್ಟು ತೆಗೆದರೂ ಬರೆಯುತ್ತದೆ ಎಂದು ಕಂಪನಿಯ ಮಾತು. ಅದಕ್ಕಿಂತ ಎಷ್ಟೋ ಹೆಚ್ಚು ಬೆಲೆಯ, ಹಿತ್ತಾಳೆ ಮೈಯ, ಮಿರಮಿರ ಮಿಂಚುವ ಪೆನ್ನು ಎರಡೇ ದಿನಕ್ಕೆ ಒಣಗುವುದುಂಟು. ಇನ್ನೊಂದು ಉಪಾಯ ನಿಬ್ಬನ್ನೇ ಮುಚ್ಚಿಡುವುದು. 1941ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಕರ್ 51ರಲ್ಲಿ ನಿಬ್ಬಿನ ತುದಿ ಮಾತ್ರ ಹೊರಗಿದ್ದು ಉಳಿದದ್ದೆಲ್ಲ ಪ್ಲಾಸ್ಟಿಕ್ ಹೊದಿಕೆಯೊಳಗೆ ಇರುತ್ತಿತ್ತು. ಆ ಆಕಾರವನ್ನು ಅನುಸರಿಸಿದ ಅಗ್ಗದ ಪೆನ್ನುಗಳು ಇಂದಿಗೂ ಸಿಗುತ್ತವೆ. ಬರೆಯುವ ನಡುವೆ ಯೋಚಿಸುತ್ತಾ ಮುಚ್ಚಳ ಹಾಕದೆ ಕೂರುವವರಿಗೆ ಅವು ಬಹಳ ಹೊಂದುತ್ತವೆ. ತೊಂದರೆ ಏನೆಂದರೆ ನಿಬ್ಬು ಏರುಪೇರಾಗಿದ್ದರೆ ಸರಿಮಾಡಲೆಂದು ಉಗುರು ಹಾಕಲು ಜಾಗವಿಲ್ಲ.

ಮುಚ್ಚಳವನ್ನು ಪರೀಕ್ಷಿಸುವುದು ಮನೆಯಲ್ಲೇ. ಇಂಕು ತುಂಬಿ, ಒಂದು ಸಾಲು ಬರೆದು, ಮುಚ್ಚಿ ಮಲಗಿಸಿಡಿ. ಹತ್ತು ನಿಮಿಷ ಬಿಟ್ಟು ಒಂದು ಗೆರೆ, ರಾತ್ರಿ ಕಳೆದು ಒಂದು ಗೆರೆ, ಮೂರು ದಿನ ಬಿಟ್ಟು ಒಂದು ಗೆರೆ. ಪ್ರತಿ ಸಲವೂ ಮೊದಲ ಗೆರೆಯೇ ಮುಖ್ಯ, ಎರಡನೆಯದು ಲೆಕ್ಕಕ್ಕಿಲ್ಲ. ನಿಲ್ಲಿಸಿಟ್ಟರೆ ಫೀಡಿನ ಇಂಕು ಹಿಂದಕ್ಕೆ ಇಳಿದು ಮುಚ್ಚಳಕ್ಕೆ ಸುಳ್ಳು ಅಪವಾದ ಬರುತ್ತದೆ, ಅದಕ್ಕೇ ಮಲಗಿಸಿಡುವುದು.

ಮೊದಲು ನೀರು, ಆಮೇಲೆ ಇಂಕು

ಹೊಸ ಪೆನ್ನಿಗೆ ನೇರವಾಗಿ ಇಂಕು ತುಂಬುವುದು ಎಲ್ಲರೂ ಮಾಡುವ ತಪ್ಪು. ಅಚ್ಚಿನಿಂದ ಬಂದ ಪ್ಲಾಸ್ಟಿಕ್ಕಿಗೂ ಕತ್ತರಿಸಿದ ಉಕ್ಕಿಗೂ ಎಣ್ಣೆಯ ಪಸೆ ಅಂಟಿರುತ್ತದೆ. ಇಂಕು ಬಹುಪಾಲು ನೀರು. ಎಣ್ಣೆ ಇದ್ದಲ್ಲಿ ಅದು ಹರಡಿಕೊಳ್ಳದೆ ಮುದುಡುತ್ತದೆ, ಫೀಡಿನ ಕಾಲುವೆಯಲ್ಲಿ ಹನಿಹನಿಯಾಗಿ ತುಂಡಾಗುತ್ತದೆ. ಬರವಣಿಗೆ ಬಿಟ್ಟುಬಿಟ್ಟು ಬರುತ್ತದೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಸಾಕು. ಕನ್ವರ್ಟರ್, ಅಂದರೆ ಬಾಟಲಿಯಿಂದ ಇಂಕು ಎಳೆದುಕೊಳ್ಳುವ ನಳಿಗೆ, ಇದ್ದರೆ ಐದಾರು ಸಲ ಎಳೆದು ಹೊರಗೆ ಬಿಡಿ, ನಿಬ್ಬಿನ ಭಾಗವನ್ನು ಹತ್ತು ನಿಮಿಷ ಅದರಲ್ಲೇ ನೆನೆಸಿ, ಆಮೇಲೆ ಬರೀ ನೀರಿನಲ್ಲಿ ಹತ್ತು ಸಲ. ಸೋಪಿನ ಅಂಶ ಉಳಿದರೆ ಇನ್ನೊಂದು ಪಜೀತಿ: ಇಂಕು ತೆಳುವಾಗಿ, ಬೇಕಾದ್ದಕ್ಕಿಂತ ಹೆಚ್ಚು ಸುರಿದು, ಕಾಗದದ ಮೇಲೆ ಹರಡುತ್ತದೆ. ಕೊನೆಗೆ ನಿಬ್ಬನ್ನು ಕೆಳಮುಖವಾಗಿ ಟಿಶ್ಯೂ ಕಾಗದದಲ್ಲಿ ಸುತ್ತಿ ಒಂದು ರಾತ್ರಿ ಬಿಟ್ಟರೆ ಒಳಗಿನ ನೀರನ್ನು ಅದೇ ಹೀರಿಕೊಳ್ಳುತ್ತದೆ.

ಕುದಿಯುವ ನೀರು ಬೇಡ, ಫೀಡು ಸೊಟ್ಟಗಾಗುತ್ತದೆ. ಸ್ಪಿರಿಟ್ ಅಂತೂ ಬೇಡವೇ ಬೇಡ; ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಕೂದಲಿನಂಥ ಬಿರುಕು ಬಿಡಿಸಲು ಅದಕ್ಕಿಂತ ಒಳ್ಳೆಯ ದ್ರವ ಇಲ್ಲ.

ಧನ, ದನ ಮತ್ತು ತಡವಾಗಿ ಬರುವ ಇಂಕು

ಪೆನ್ನು ಪರೀಕ್ಷೆ ಅಂದರೆ ಇಂಗ್ಲಿಷಿನಲ್ಲಿ ಒಂದು ಸಾಲು ಗೀಚಿ ನೋಡುವುದು ರೂಢಿ. ಕನ್ನಡ ಬರೆಯುವವರಿಗೆ ಅದು ಸಾಲದು. ಇಂಗ್ಲಿಷಿನ ಕೂಡಿಸಿ ಬರೆಯುವ ಅಕ್ಷರಗಳಲ್ಲಿ ಪೆನ್ನು ಪದದ ಉದ್ದಕ್ಕೂ ಕಾಗದ ಬಿಡದೆ ಹೋಗುತ್ತದೆ. ಒಮ್ಮೆ ಹರಿವು ಶುರುವಾದರೆ ಪದ ಮುಗಿಯುವವರೆಗೂ ಚಿಂತೆ ಇಲ್ಲ. ನಮ್ಮ ಅಕ್ಷರಗಳು ಬಿಡಿಬಿಡಿ. ಒಂದೊಂದು ಅಕ್ಷರದೊಳಗೂ ತಲೆಕಟ್ಟು, ಗುಣಿತದ ಚಿಹ್ನೆ, ಒತ್ತು ಎಂದು ಪೆನ್ನು ಎರಡು ಮೂರು ಸಲ ಎದ್ದು ಕೂರುತ್ತದೆ. ಇಳಿದ ಕೂಡಲೇ ಇಂಕು ಬರದ ಪೆನ್ನಿನ ಬಣ್ಣ ಇಲ್ಲಿ ಬಯಲಾಗುತ್ತದೆ. ಎಂಟು ಮಿಲಿಮೀಟರ್ ಗೆರೆಯ ಪುಸ್ತಕದಲ್ಲಿ ತಲೆಕಟ್ಟಿನ ಉದ್ದ ಎರಡು ಮೂರು ಮಿ.ಮೀ. ಇಂಕು ಒಂದೇ ಮಿಲಿಮೀಟರ್ ತಡವಾದರೂ ಅದರ ಅರ್ಧವೋ ಮೂರರಲ್ಲೊಂದು ಭಾಗವೋ ಹೋಯಿತು.

ಅದಕ್ಕಿಂತ ಗಿಡ್ಡದ ಗೆರೆ ಮಹಾಪ್ರಾಣದ್ದು. ಅಕ್ಷರದ ಬುಡದಲ್ಲಿ ಎಳೆಯುವ ಆ ಪುಟ್ಟ ಸೀಳು ಮೂಡದಿದ್ದರೆ ‘ಧನ’ ಹೋಗಿ ‘ದನ’ ಆಗುತ್ತದೆ, ‘ಭಾರ’ ಹೋಗಿ ‘ಬಾರ’ ಆಗುತ್ತದೆ. ಚುಕ್ಕಿ ಬೀಳದೆ ಹೋದರೆ ‘ಠ’ ಸೀದಾ ‘ರ’. ಆದ್ದರಿಂದ ಪರೀಕ್ಷೆಗೆ ಕೂತಾಗ ‘ಧನ, ಭಾರ, ಫಲ, ಪಾಠ, ಢಂಗುರ’ ಎಂದು ಇಪ್ಪತ್ತು ಸಲ ಬರೆಯಿರಿ, ಬರೆಯುವಾಗ ಪ್ರತಿ ಪದಕ್ಕೂ ಎರಡು ಸೆಕೆಂಡು ಪೆನ್ನನ್ನು ಗಾಳಿಯಲ್ಲಿ ಹಿಡಿದು ನಿಲ್ಲಿ. ಎಷ್ಟು ದನ ಬಂತು ಎಂದು ಎಣಿಸಿದರೆ ಪೆನ್ನಿನ ಅಂಕಪಟ್ಟಿ ಸಿದ್ಧ.

ಇನ್ನು ದುಂಡು. ಕೆಳಕ್ಕೆ ಎಳೆಯುವ ಗೆರೆಯಲ್ಲಿ ಎಂಥ ಕೆಟ್ಟ ನಿಬ್ಬೂ ಸುಮ್ಮನೆ ಹೋಗುತ್ತದೆ. ಮೇಲಕ್ಕೆ ಮತ್ತು ಎಡಕ್ಕೆ ತಳ್ಳುವಾಗಲೇ ಅದು ಹಲ್ಲು ತೋರಿಸುವುದು. ಪೂರ್ತಿ ಸುತ್ತು ಇರುವ ಅಕ್ಷರದಲ್ಲಿ ಎಲ್ಲ ದಿಕ್ಕೂ ಬಂದುಹೋಗುತ್ತದೆ, ತಪ್ಪಿಸಿಕೊಳ್ಳಲು ದಾರಿ ಇಲ್ಲ. ಒತ್ತಕ್ಷರಗಳದು ಇನ್ನೊಂದು ಲೆಕ್ಕ. ‘ಲಕ್ಷ್ಮಿ’, ‘ರಾಷ್ಟ್ರ’, ‘ಸ್ವಾತಂತ್ರ್ಯ’ ಬರೆಯುವಾಗ ಕೆಳಗಿನ ಒತ್ತಿಗೆ ಸಿಗುವುದು ಎರಡು ಮಿ.ಮೀ. ಎತ್ತರ. ಗೆರೆಯ ದಪ್ಪವೇ 0.7 ಮಿ.ಮೀ. ಇದ್ದರೆ ಒಳಗಿನ ಬಿಳಿ ಜಾಗ ಮುಚ್ಚಿಹೋಗಿ ಒತ್ತು ಒಂದು ಕಪ್ಪು ಹುಳದ ಹಾಗೆ ಕಾಣುತ್ತದೆ. ಮೀಡಿಯಂ ಎಂದು ಮಾರುವ ನಿಬ್ಬುಗಳು ಸಾಮಾನ್ಯವಾಗಿ ಈ ದಪ್ಪದವೇ. ದಿನನಿತ್ಯದ ಕನ್ನಡ ಬರವಣಿಗೆಗೆ ನನ್ನ ಮಟ್ಟಿಗೆ 0.4ರಿಂದ 0.5ರ ಗೆರೆ ಸರಿ, ಅಂದರೆ ಫೈನ್. ಜಪಾನಿನ ಕಂಪನಿಗಳ ಫೈನ್ ಯುರೋಪಿನವರ ಫೈನ್‌ಗಿಂತ ಒಂದು ಮೆಟ್ಟಿಲು ಸಣ್ಣ ಅನ್ನುವುದು ನೆನಪಿರಲಿ. ನಿಬ್ಬು ಸಣ್ಣದಾದಷ್ಟೂ ಗೀರುವ ಗುಣ ಹೆಚ್ಚು ತಿಳಿಯುತ್ತದೆ, ಅದೊಂದು ತೆರಿಗೆ ಕಟ್ಟಲೇಬೇಕು.

ಪರೀಕ್ಷೆ ಮಾಡುವ ಕೈಯನ್ನೂ ಒಮ್ಮೆ ನೋಡಿಕೊಳ್ಳಬೇಕು. ಬಾಲ್ ಪೆನ್ನಿನ ರೂಢಿಯಿಂದ ಬಂದ ಕೈ ಪೆನ್ನನ್ನು ನೆಟ್ಟಗೆ ನಿಲ್ಲಿಸಿ ಒತ್ತುತ್ತದೆ. ಇಂಕ್ ಪೆನ್ನು ಕಾಗದಕ್ಕೆ 45 ಡಿಗ್ರಿಯ ಆಸುಪಾಸು ಓರೆಯಾಗಿ, ಅದರ ಭಾರದಲ್ಲೇ ಬರೆಯಬೇಕು. ಪೆನ್ನು ಬೆರಳ ನಡುವೆ ಸ್ವಲ್ಪ ಉರುಳಿಕೊಂಡು ಒಂದೇ ಕವಲು ಕಾಗದಕ್ಕೆ ತಾಗುತ್ತಿದ್ದರೆ ಸರಿಯಿರುವ ನಿಬ್ಬೂ ಗೀರುತ್ತದೆ.

ಭೂತಗನ್ನಡಿಯೊಳಗೆ

ಗೀರುವ ನಿಬ್ಬನ್ನು ಭೂತಗನ್ನಡಿಯಲ್ಲಿ ಎದುರಿನಿಂದ ನೋಡಿದರೆ ಬಹಳ ಸಲ ಕಾಣುವುದು ಹೀಗೆ: ಒಂದು ಗುಂಡನ್ನು ನಡುವೆ ಸೀಳಿದ ಎರಡು ಅರ್ಧಗಳು, ಒಂದು ಸ್ವಲ್ಪ ಮೇಲೆ, ಒಂದು ಸ್ವಲ್ಪ ಕೆಳಗೆ. ಮೆಟ್ಟಿಲಿನ ಹಾಗೆ. ವ್ಯತ್ಯಾಸ ಒಂದು ಕೂದಲಿನಷ್ಟೂ ಇರುವುದಿಲ್ಲ. ಸೀಳಿದ ಒಳ ಅಂಚು ಚೂಪಾಗಿರುತ್ತದೆ. ಎರಡೂ ಸಮವಾಗಿದ್ದಾಗ ಒಂದರ ಅಂಚಿಗೆ ಇನ್ನೊಂದರ ಮರೆ ಸಿಗುತ್ತದೆ. ಒಂದು ಕೆಳಗಿಳಿದರೆ ಅದರ ಚೂಪು ಬಯಲಿಗೆ ಬಂದು, ಸಣ್ಣ ಉಳಿಯ ಹಾಗೆ ಕಾಗದ ಕೆತ್ತುತ್ತದೆ.

ಭೂತಗನ್ನಡಿ ಇಲ್ಲದಿದ್ದರೂ ಕಿವಿಯಿಂದ ಕಂಡುಹಿಡಿಯಬಹುದು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಒತ್ತಡವಿಲ್ಲದೆ ಬೇರೆಬೇರೆಯಾಗಿ ಗೆರೆ ಎಳೆಯಿರಿ. ಎಡಕ್ಕೆ ಹೋಗುವಾಗ ಮಾತ್ರ ‘ಸರ್ರ್’ ಎಂದರೆ ಬಲಗಡೆಯ ಕವಲು ಕೆಳಗಿದೆ. ಬಲಕ್ಕೆ ಹೋಗುವಾಗ ಸದ್ದಾದರೆ ಎಡಗಡೆಯದು. ಕೆಳಗಿಳಿದ ಕವಲಿನ ತುದಿಗೆ ಅಡಿಯಿಂದ ಹೆಬ್ಬೆರಳ ಉಗುರು ಕೊಟ್ಟು ಮೇಲಕ್ಕೆ ಮೆಲ್ಲಗೆ ಒತ್ತಿ, ಐದು ಸೆಕೆಂಡು ಹಿಡಿದು ಬಿಡಬೇಕು. ಉಕ್ಕು ಸ್ಪ್ರಿಂಗಿನ ಗುಣದ್ದು, ಬಿಟ್ಟ ಕೂಡಲೇ ಹಿಂದಕ್ಕೆ ಬರುತ್ತದೆ, ಹಾಗಾಗಿ ಬೇಕಾದ ಎತ್ತರವನ್ನು ತುಸು ದಾಟಿಸಿ ಒತ್ತಬೇಕಾಗುತ್ತದೆ. ಒತ್ತಿ, ನೋಡಿ, ಬರೆದು, ಮತ್ತೆ ಒತ್ತಿ. ನಾಲ್ಕೈದು ಸಲಕ್ಕೆ ಸರಿಹೋಗುತ್ತದೆ. ಒಂದೇ ಏಟಿಗೆ ಸರಿಮಾಡಲು ಹೋದವರ ನಿಬ್ಬಿನ ಎರಡು ಕವಲು ಕತ್ತರಿಯ ಹಾಗೆ ಒಂದರ ಮೇಲೊಂದು ಹತ್ತಿರುತ್ತದೆ. ಒಳ್ಳೆಯ ಸುದ್ದಿ ಏನೆಂದರೆ ಅದನ್ನೂ ಮೆಲ್ಲಗೆ ಬಿಡಿಸಬಹುದು.

ಕವಲು ಸಮವಾಗಿದ್ದೂ ಒರಟಾಗಿದ್ದರೆ ಮಾತ್ರ ಉಜ್ಜುವ ಮಾತು. 12000 ಅಂಕಿಯ ಮೈಕ್ರೋಮೆಶ್ ಅನ್ನುವ ಬಹಳ ನಯವಾದ ಉಜ್ಜುವ ಹಾಳೆಯ ಮೇಲೆ, ಇಂಕು ತುಂಬಿದ ಪೆನ್ನಿನಿಂದ, ಒತ್ತಡವಿಲ್ಲದೆ ಐದಾರು ಎಂಟರ ಅಂಕಿ. ಒರೆಸಿ, ಕಾಗದದ ಮೇಲೆ ಎರಡು ಸಾಲು ಬರೆದು ನೋಡಿ, ಬೇಕಾದರೆ ಇನ್ನೈದು. ಮರದ ಕೆಲಸದ ಮರಳುಕಾಗದ ಮುಟ್ಟಬಾರದು. ಉಜ್ಜಿ ಕಳೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ನಯ ಹೆಚ್ಚಾದರೂ ಕಷ್ಟವೇ. ಕಾರ್ಖಾನೆಯಲ್ಲಿ ಜಾಸ್ತಿ ಉಜ್ಜಿದ ತುದಿಯಲ್ಲಿ ಸೀಳಿನ ಒಳ ಅಂಚುಗಳೂ ದುಂಡಾಗಿಬಿಟ್ಟಿರುತ್ತವೆ, ನಡುವೆ ಕಣಿವೆ ಬಿದ್ದ ಎರಡು ಕೆನ್ನೆಗಳ ಹಾಗೆ. ಕೆನ್ನೆಗಳು ಕಾಗದಕ್ಕೆ ತಾಗುತ್ತವೆ, ಇಂಕು ನಿಂತಿರುವ ಸೀಳು ತಾಗುವುದಿಲ್ಲ. ಗಾಜಿನಷ್ಟು ನುಣುಪಾಗಿ ಜಾರುವ, ಆದರೆ ಪ್ರತಿ ಅಕ್ಷರದ ಮೊದಲ ಗೆರೆಯನ್ನೇ ನುಂಗುವ ಪೆನ್ನು ಸಿಕ್ಕರೆ ಅನುಮಾನ ಇಲ್ಲಿಗೆ ಬರಲಿ. ಒತ್ತಿದರೆ ಬರೆಯುತ್ತದೆ, ಕೈ ಹಗುರ ಮಾಡಿದರೆ ಬಿಡುತ್ತದೆ. ದನಗಳ ಎಣಿಕೆ ಹೆಚ್ಚು ಬರುವುದು ಇಂಥವುಗಳಲ್ಲೇ. ಇದಕ್ಕೂ ಮದ್ದು ಅದೇ ಹಾಳೆ: ಕೆನ್ನೆ ಸವೆದು ಸೀಳಿನ ಅಂಚು ಕಾಗದಕ್ಕೆ ತಲುಪುವವರೆಗೆ. ತಾಳ್ಮೆ ಇಲ್ಲದವರು ಹೆಚ್ಚು ಧಾರಾಳವಾಗಿ ಹರಿಯುವ ಇಂಕು ಹಾಕಿಕೊಂಡರೂ ಅರ್ಧ ತೊಂದರೆ ಕಡಿಮೆಯಾಗುತ್ತದೆ.

ಇಂಕು ಹೊರಗೆ, ಗಾಳಿ ಒಳಗೆ

ಚೆನ್ನಾಗಿ ಶುರುವಾಗಿ, ಅರ್ಧ ಪುಟಕ್ಕೆ ಬಣ್ಣ ಮಂಕಾಗಿ, ಮುಕ್ಕಾಲು ಪುಟಕ್ಕೆ ನಿಂತೇಹೋಗುವ ಪೆನ್ನು ಬೇರೆ ಜಾತಿಯದು. ಇದರಲ್ಲಿ ನಿಬ್ಬು ನಿರಪರಾಧಿ. ಇಂಕು ಹೊರಗೆ ಹೋದಷ್ಟು ಗಾಳಿ ಒಳಗೆ ಬರದಿದ್ದರೆ ಟ್ಯಾಂಕಿನಲ್ಲಿ ಒತ್ತಡ ಇಳಿದು ಇಂಕನ್ನು ಹಿಂದಕ್ಕೆ ಹಿಡಿದಿಡುತ್ತದೆ. ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದ ಫೀಡಿನ ಸಾರವೂ ಇದೇ: ಸಣ್ಣ ಸೀಳುಗಳಲ್ಲಿ ಇಂಕು ಇಳಿಯುತ್ತದೆ, ಗಾಳಿಗೂ ಅಲ್ಲೇ ದಾರಿ. ಈಗಿನ ಫೀಡಿನ ಹೊಟ್ಟೆಯಲ್ಲಿ ಬಾಚಣಿಗೆಯ ಹಲ್ಲಿನಂತೆ ಕಾಣುವ ಸಂದಿಗಳು ಹೆಚ್ಚಾಗಿ ಬಂದ ಇಂಕನ್ನು ಹಿಡಿದಿಟ್ಟು ಹನಿ ಬೀಳದಂತೆ ನೋಡಿಕೊಳ್ಳುತ್ತವೆ.

ಅಗ್ಗದ ಫೀಡಿನಲ್ಲಿ ಅಚ್ಚಿನ ಪ್ಲಾಸ್ಟಿಕ್ ಚೂರು ಕಾಲುವೆಗೆ ಅಡ್ಡ ಉಳಿದಿರುವುದು ಸಾಮಾನ್ಯ. ನಿಬ್ಬು ಮತ್ತು ಫೀಡನ್ನು ಬಟ್ಟೆಯಲ್ಲಿ ಒಟ್ಟಿಗೆ ಹಿಡಿದು ನೇರವಾಗಿ ಎಳೆದರೆ ಹೆಚ್ಚಿನವು ಕಳಚಿ ಬರುತ್ತವೆ. ಬರದಿದ್ದರೆ ಬೆಚ್ಚಗಿನ ನೀರಿನಲ್ಲಿ ಒಂದಿಷ್ಟು ನೆನೆಸಿ. ತಿರುಚಬಾರದು. ಮೆತ್ತನೆಯ ಬ್ರಶ್ಶಿನಿಂದ ಕಾಲುವೆ ಉಜ್ಜಿ, ಸೀಳಿನಲ್ಲಿ 0.05 ಮಿ.ಮೀ. ದಪ್ಪದ ಹಿತ್ತಾಳೆ ಹಾಳೆ ಎರಡು ಮೂರು ಸಲ ಆಡಿಸಿದರೆ ಸಾಕು. ಬ್ಲೇಡು ಬೇಡ, ಅದು ಅಂಚಿಗೆ ಗೀರು ಹಾಕುತ್ತದೆ. ಹಿಂದಕ್ಕೆ ಜೋಡಿಸುವಾಗ ಫೀಡಿನ ತುದಿ ನಿಬ್ಬಿನ ಭುಜದಿಂದ, ಅಂದರೆ ನಿಬ್ಬು ತುದಿಯ ಕಡೆಗೆ ಕಿರಿದಾಗಲು ಶುರುವಾಗುವ ಜಾಗದಿಂದ, ಸ್ವಲ್ಪ ಮುಂದಿರಲಿ, ಎರಡೂ ಬಿಗಿಯಾಗಿ ತಬ್ಬಿಕೊಂಡಿರಲಿ. ನಡುವೆ ಬೆಳಕು ಕಂಡರೆ ಇಂಕಿಗೆ ಸೇತುವೆ ಮುರಿದ ಹಾಗೆ.

ಕನ್ವರ್ಟರಿನ ಹಿಂದಿನ ತುದಿಗೆ ಇಂಕು ಅಂಟಿಕೊಂಡು ಮುಂದೆ ಬರದೇ ಇರುವುದನ್ನೂ ಇದೇ ರೋಗವೆಂದು ತಿಳಿಯಬಾರದು. ಕಿರಿದಾದ ಕೊಳವೆಯಲ್ಲಿ ಇಂಕಿನ ಮೇಲ್ಮೈಯೇ ಅದನ್ನು ಹಿಡಿದು ನಿಲ್ಲಿಸುತ್ತದೆ. ಬೆರಳಿನಿಂದ ತಟ್ಟಿದರೆ ಇಳಿಯುತ್ತದೆ. ತುಕ್ಕು ಹಿಡಿಯದ ಒಂದು ಪುಟ್ಟ ಸ್ಟೇನ್‌ಲೆಸ್ ಗುಂಡನ್ನು ಒಳಗೆ ಹಾಕಿಬಿಟ್ಟರೆ ಪೀಡೆ ತೊಲಗುತ್ತದೆ.

ಕೊಳವೆಯ ತುಂಬ ನೇರವಾಗಿ ಫಿಲ್ಲರಿನಿಂದ ಇಂಕು ಸುರಿಯುವ ಪೆನ್ನುಗಳಲ್ಲಿ ಸಮಸ್ಯೆ ತಿರುಗಾಮುರುಗ. ಇಂಕು ಇಳಿದಂತೆ ಒಳಗೆ ಗಾಳಿ ಹೆಚ್ಚುತ್ತದೆ, ಕೈಯ ಬಿಸಿಗೆ ಆ ಗಾಳಿ ಹಿಗ್ಗುತ್ತದೆ, ಇಂಕನ್ನು ತಳ್ಳಿ ಅಕ್ಷರದ ಮೇಲೆ ಒಂದು ದಪ್ಪ ಹನಿ ಕೆಡಹುತ್ತದೆ. ಮೂರರಲ್ಲೊಂದು ಭಾಗ ಉಳಿದಾಗಲೇ ತುಂಬಿಕೊಳ್ಳುವವರಿಗೆ ಈ ಅನುಭವ ಅಪರೂಪ. ಇಂಥ ಪೆನ್ನಿನ ತಿರುಪಿಗೆ ಶುದ್ಧ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಬೇಕು. ಮನೆಯಲ್ಲಿರುವ ವ್ಯಾಸಲೀನ್ ಆಗದು, ರಬ್ಬರ್ ಉಂಗುರವನ್ನು ಉಬ್ಬಿಸಿ ಕೆಡಿಸುತ್ತದೆ.

ಪೆನ್ನಿನ ಮೇಲೆ ಬರುವ ಅಪವಾದ

ಗೆರೆಯ ಅಂಚು ಬೇರಿನಂತೆ ನೂಲುನೂಲಾಗಿ ಹರಡಿದರೆ, ಹಿಂದಿನ ಪುಟಕ್ಕೆ ಇಳಿದರೆ, ಮೊದಲು ಕಾಗದ ಬದಲಿಸಿ ನೋಡಿ. ಕಾಗದದ ದಪ್ಪಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ತಯಾರಿಯಲ್ಲಿ ನಾರಿಗೆ ನೀರು ಹೀರದ ಲೇಪ ಎಷ್ಟು ಕೊಟ್ಟಿದ್ದಾರೆ ಅನ್ನುವುದರ ಮೇಲೆ ನಿಂತಿದೆ. 60 ಜಿಎಸ್‌ಎಂನ (ಅಂದರೆ ಚದರ ಮೀಟರಿಗೆ 60 ಗ್ರಾಂ ತೂಗುವ) ಕಾಗದ ಇಂಕನ್ನು ಅಚ್ಚುಕಟ್ಟಾಗಿ ಹಿಡಿದು, 100ರ ಕಾಗದ ಒತ್ತುಕಾಗದದ ಹಾಗೆ ಕುಡಿಯುವುದಿದೆ. ಒಂದೇ ಹೆಸರಿನ ನೋಟ್‌ಪುಸ್ತಕ ಹೋದ ಸಲ ಒಳ್ಳೆಯದಿದ್ದು ಈ ಸಲ ಕೆಟ್ಟಿರುವುದೂ ಉಂಟು.

ಇಂಕಿನ ಬಗ್ಗೆ ಒಂದೇ ಕಟ್ಟುನಿಟ್ಟು: ಚಿತ್ರಕಾರರು ಬಳಸುವ ಡ್ರಾಯಿಂಗ್ ಇಂಕು ಈ ಪೆನ್ನುಗಳ ಹತ್ತಿರ ಸುಳಿಯಬಾರದು. ಅದರಲ್ಲಿ ಅರಗಿನಂಥ ಅಂಟು ಇರುತ್ತದೆ, ಆರಿದ ಮೇಲೆ ನೀರಿಗೆ ಕರಗುವುದಿಲ್ಲ. ಅಳಿಸಿಹೋಗದ ಬರಹ ಬೇಕೆಂದು ಕಬ್ಬಿಣದ ಅಂಶವಿರುವ ನೀಲಿಗಪ್ಪು ಇಂಕು ಹಾಕುವವರು ಆಗಾಗ ತೊಳೆಯುತ್ತಿರಬೇಕು. ಅದು ಆಮ್ಲ, ಅಗ್ಗದ ಉಕ್ಕನ್ನು ಸೀಳಿನ ಒಳಗಿಂದ ತಿನ್ನುತ್ತದೆ. ಪರೀಕ್ಷೆಯ ಹೊತ್ತಿಗಂತೂ ತೊಳೆದರೆ ಹೋಗುವ ಸಾದಾ ನೀಲಿಯೇ ಸಾಕು. ಇಂಕು ಹೊಸದು, ಪೆನ್ನು ಹೊಸದು, ಕಾಗದವೂ ಹೊಸದು ಎಂದಾದರೆ ತಪ್ಪು ಯಾರದೆಂದು ಹೇಳಲು ಬ್ರಹ್ಮನಿಗೂ ಆಗದು. ಮೂರರಲ್ಲಿ ಎರಡು ಹಳೆಯ ಪರಿಚಯದವು ಇರಲಿ.

ಇಷ್ಟೆಲ್ಲ ಮಾಡಿದ ಮೇಲೂ ಬಗ್ಗದ ಪೆನ್ನುಗಳಿರುತ್ತವೆ. ಸೀಳು ನಟ್ಟನಡುವೆ ಬಿದ್ದಿರದೆ ಒಂದು ಕವಲು ದಪ್ಪ, ಒಂದು ಸಣ್ಣ ಆಗಿದ್ದರೆ ಉಗುರಿಗೆ ಕೆಲಸವಿಲ್ಲ. ಮುಚ್ಚಳದ ಒಳಬಟ್ಟಲು ಬಿರುಕು ಬಿಟ್ಟಿದ್ದರೂ ಅಷ್ಟೆ. ಆದರೆ ಅದನ್ನು ಎಸೆಯುವ ಮೊದಲು ಕಳಚಿ ನೋಡಿ. ಅನೇಕ ಅಗ್ಗದ ಪೆನ್ನುಗಳ ನಿಬ್ಬು 5, 6 ಅನ್ನುವ ಎರಡು ಅಳತೆಯವು, ಒಂದು ಪೆನ್ನಿನದು ಅದೇ ಅಳತೆಯ ಇನ್ನೊಂದಕ್ಕೆ ಹೊಂದುವ ಸಾಧ್ಯತೆ ಚೆನ್ನಾಗಿಯೇ ಇದೆ. ಮುಚ್ಚಳ ಒಡೆದ ಪೆನ್ನಿನಲ್ಲಿ ಒಳ್ಳೆಯ ನಿಬ್ಬು, ನಿಬ್ಬು ಕೆಟ್ಟ ಪೆನ್ನಿನಲ್ಲಿ ಗಾಳಿಯಾಡದ ಮುಚ್ಚಳ. ಅದೇ ಡಬ್ಬಿಯ ಎರಡು ಪೆನ್ನು ಕೊಂಡಿದ್ದರೆ ಅಳತೆ ನೋಡುವ ಕೆಲಸವೂ ಇಲ್ಲ.